ಸಮುದ್ರಕ್ಕೆ ಮಾತ್ರ ಬರುವ ಬಿಲ್ಲೋ

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಕುಣಿಗಲ್ಲಿನಲ್ಲಿದ್ದೆವು. ಅಕ್ಕ ಎಸ್ಸೆಸ್ಸೆಲ್ಸಿಯ ಇಂಗ್ಲಿಷಿನಲ್ಲಿ ಮಾತ್ರ ಡುಮ್ಕಿ ಹೊಡೆದು, ಮತ್ತೆ ಪರೀಕ್ಷೆಗೆ ಕಟ್ಟಿದ್ದಳು. "ಈ ಸಲ ಪಾಸಾದ್ರೆ ತುಮಕೂರಲ್ಲಿ ಕಾಲೇಜಿಗೆ ಸೇರಿಸ್ತೀನಿ, ಇಲ್ದಿದ್ರೆ ಮದುವೆ" ಎಂದು ಅಪ್ಪ ಊಟಕ್ಕೆ ಕೂತಾಗ ಹೇಳಿಬಿಟ್ಟಿದ್ದರು. ಅಪ್ಪ ಹೇಳಿದರೆ ಮುಗಿಯಿತು ಎಂದು ನಾವಿಬ್ಬರೂ ನಂಬಿದ್ದೆವು.

ಆಗೆಲ್ಲ ಇಂಗ್ಲಿಷ್ ಪರೀಕ್ಷೆಯಲ್ಲಿ ಒಂದು ಪದ ಕೊಟ್ಟು, ಅರ್ಥ ಬರೆದು ಸ್ವಂತ ವಾಕ್ಯದಲ್ಲಿ ಬಳಸಿ ಎನ್ನುತ್ತಿದ್ದರು. ಆ ಸ್ವಂತ ವಾಕ್ಯವನ್ನೂ ನಾವು ಗೈಡಿನಿಂದಲೇ ಉರು ಹೊಡೆಯುತ್ತಿದ್ದೆವು. ಇಡೀ ತಾಲ್ಲೂಕಿನ ಮಕ್ಕಳದೆಲ್ಲ ಒಂದೇ ಸ್ವಂತ ವಾಕ್ಯ! 'ಬಿಲ್ಲೋ' ಎಂದರೆ ಉಕ್ಕಿ ಬರುವ ದೊಡ್ಡ ಅಲೆ. ಹಡಗು ಬಿಲ್ಲೋಗಳ ಮೇಲೆ ಏರಿಳಿಯಿತು ಎಂದು ಗೈಡು ಹೇಳುತ್ತಿತ್ತು. ಹಡಗು ಕಂಡವರು ನಮ್ಮ ಬೀದಿಯಲ್ಲಿ ಯಾರಿದ್ದರು? ಅಕ್ಕನ ತಲೆಗೆ ಅದು ಹತ್ತಲೇ ಇಲ್ಲ.

ಆಷಾಢದ ಒಂದು ಸಂಜೆ ನಾವಿಬ್ಬರೂ ಕೆರೆ ಏರಿಯ ಮೇಲೆ ಹೋದೆವು. ಗಾಳಿಗೆ ನೀರು ಎದ್ದೆದ್ದು ಬಂದು ಏರಿಯ ಕಲ್ಲಿಗೆ ಅಪ್ಪಳಿಸುತ್ತಿತ್ತು. "ಇದೇ ಕಣೇ ಬಿಲ್ಲೋ!" ಎಂದು ಅಕ್ಕ ಕೂಗಿದಳು. ನಮ್ಮ ಕೆರೆಯ ಬಿಲ್ಲೋಗಳು ಏರಿಗೆ ಬಡಿಯುತ್ತಿವೆ ಎಂದು ಅಲ್ಲೇ ನಿಂತು ಇಂಗ್ಲಿಷಿನಲ್ಲಿ ಒಂದು ವಾಕ್ಯ ಕಟ್ಟಿದಳು. ಅವಳೇ ಕಟ್ಟಿದ ಮೊದಲ ಇಂಗ್ಲಿಷ್ ವಾಕ್ಯ ಅದು. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಮನೆಗೆ ಬಂದು ಟ್ಯೂಷನ್ ನೋಟ್‌ಬುಕ್ಕಿನಲ್ಲಿ ಬರೆದಳು.

ಟ್ಯೂಷನ್ ಮೇಷ್ಟ್ರು ಅದರ ಮೇಲೆ ಕೆಂಪು ಇಂಕಿನಲ್ಲಿ ಗೀಟು ಎಳೆದರು. "ಕೆರೆಗೆಲ್ಲ ಬಿಲ್ಲೋ ಬರಲ್ಲ ಕಣಮ್ಮ, ಅದೇನಿದ್ರೂ ಸಮುದ್ರಕ್ಕೆ. ಗೈಡಲ್ಲಿರೋದನ್ನ ಬರಿ, ಮಾರ್ಕ್ಸ್ ಬೀಳುತ್ತೆ." ಅಕ್ಕ ಹಲ್ಲು ಕಚ್ಚಿಕೊಂಡು ಹಡಗಿನ ವಾಕ್ಯವನ್ನೇ ಉರು ಹೊಡೆದಳು. ಪಾಸೂ ಆದಳು.

ಸುದ್ದಿ ಹಬ್ಬಿದ್ದೇ ತಡ, ಗುಬ್ಬಿ ಕಡೆಯಿಂದ ಹೆಣ್ಣು ನೋಡಲು ಬಂದರು. ಅವರಿಗೆ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಯೇ ಬೇಕಿತ್ತಂತೆ. ಹಾಡು ಹೇಳಿಸುವ ಬದಲು ಗಂಡಿನ ಸೋದರಮಾವ, "ಎಲ್ಲಿ, ಒಂದು ಇಂಗ್ಲಿಷ್ ಮಾತಾಡಮ್ಮ, ಕೇಳಾಣ" ಎಂದರು. ಅಕ್ಕ ತಲೆಯೆತ್ತಿ, ಮೇಷ್ಟ್ರು ಹೊಡೆದುಹಾಕಿದ್ದ ತನ್ನ ವಾಕ್ಯವನ್ನೇ ಹೇಳಿದಳು. ಬಂದವರೆಲ್ಲ ತಲೆದೂಗಿದರು. ಅರ್ಥ ಯಾರೂ ಕೇಳಲಿಲ್ಲ. ಅಪ್ಪನ ಮುಖ ಅರಳಿತ್ತು. ಅದನ್ನು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು.

ಅವರು ಹೋದ ಮೇಲೆ ಅಕ್ಕ ಮೆಲ್ಲಗೆ ಕೇಳಿದಳು, "ಅಪ್ಪಾ, ಕಾಲೇಜು?"

"ಪಾಸಾಗಿದ್ದಕ್ಕೇ ಕಣಮ್ಮ ಇಂಥ ಸಂಬಂಧ ಸಿಕ್ಕಿದ್ದು" ಎಂದರು ಅಪ್ಪ, ಪಂಚಾಂಗ ತೆಗೆಯುತ್ತಾ.