ನಕ್ಷೆ ಮುಗಿದ ಜಾಗ

ಉಲಾನ್‌ಬಾತರ್‌ನ ಉತ್ತರದ ಗುಡ್ಡದಲ್ಲಿರುವ ನಮ್ಮ ಕೇರಿಗೆ ನಲ್ಲಿ ಇಲ್ಲ. ಕ್ಯಾನು ಹೇರಿದ ಕೈಗಾಡಿ ತಳ್ಳಿಕೊಂಡು ಎಲ್ಲರೂ ನೋರ್ಜ್ಮಾಳ ಕಿಟಕಿಯ ಮುಂದೆ ನಿಲ್ಲಲೇಬೇಕು. ನೀರು ಮಾರುವ ಆ ಪುಟ್ಟ ಕೋಣೆ, ನಾವು ಕಟ್ಟೆ ಎನ್ನುವುದು, ಅವಳ ವಶದಲ್ಲಿದೆ. ಒಯ್ಯುವ ನೀರು ನೋಡಿಯೇ ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂದು ಹೇಳಿಬಿಡುತ್ತಾಳೆ.

ನೆಟ್ಟಗಿನ ವಿಳಾಸ ಮಾತ್ರ ಯಾರಿಗೂ ಇರಲಿಲ್ಲ. ಚಳಿಗೆ ಕುರಿ ಕಳೆದುಕೊಂಡವರು ಬಂದು ಗುಡ್ಡದ ಮೇಲೆ ಉಣ್ಣೆಯ ಗುಡಾರ ಹಾಕುವರು, ಸುತ್ತ ಹಲಗೆ ಬೇಲಿ ಹೊಡೆಯುವರು. ಬೇಲಿಗಳ ನಡುವೆ ಉಳಿದದ್ದೇ ಓಣಿ. ಆಂಬುಲೆನ್ಸಿನವರು ಕೆಳಗಿನ ಅಂಗಡಿಯ ಹತ್ತಿರ ನಿಂತು ಫೋನಿನಲ್ಲಿ, “ಹಸಿರು ಗೇಟು ಅಂತೀರಲ್ಲ, ಇಲ್ಲಿರೋವೆಲ್ಲ ಹಸಿರೇ,” ಎನ್ನುತ್ತಿದ್ದರು.

ದವಾಖಾನೆಯ ನರ್ಸು ಸೊಲೊಂಗೊ ಒಂದು ದಿನ ಕಟ್ಟೆಗೆ ಬಂದು ಫೋನಿನಲ್ಲಿ ಒಂದು ನಕ್ಷೆ ತೋರಿಸಿದಳು. ಯಾರೊಬ್ಬರ ಸ್ವತ್ತೂ ಅಲ್ಲದ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ. ಎಲ್ಲೆಲ್ಲಿಯದೋ ಜನ ಬಿಡುವಿನಲ್ಲಿ ಕೂತು, ಆಕಾಶದಿಂದ ತೆಗೆದ ಚಿತ್ರ ನೋಡಿ ನಮ್ಮ ಬೇಲಿಗಳಿಗೂ ಗೆರೆ ಎಳೆದಿದ್ದರು. ಯಾವ ಓಣಿ ಮುಂದೆ ಮುಚ್ಚಿದೆ, ಯಾವ ಇಳಿಜಾರು ಹಿಮಗಟ್ಟಿ ಜಾರುತ್ತದೆ ಎಂಬುದು ಅವರಿಗೆ ಹೇಗೆ ತಿಳಿಯಬೇಕು?

“ನಿಮಗಿಂತ ಗೊತ್ತಿರೋರು ಯಾರಿದ್ದಾರೆ ಅಕ್ಕ?”

“ನಾನು ಓದಿರೋದು ಎಂಟನೇ ಕ್ಲಾಸು ಕಣೆ.”

“ನಕ್ಷೆ ಮಾರ್ಕ್ಸ್ ಕಾರ್ಡ್ ಕೇಳಲ್ಲ.”

ಎರಡು ವರ್ಷ ನೋರ್ಜ್ಮಾ ದಿನಾ ಸಂಜೆ ಕಟ್ಟೆ ಮುಚ್ಚಿದ ಮೇಲೆ ಓಣಿ ಓಣಿ ಅಲೆದು ಫೋನಿನ ನಕ್ಷೆಯಲ್ಲಿ ಗುರುತು ಹಾಕಿದಳು. ನಮ್ಮ ಪಕ್ಕದ ಮುದುಕ ದಂಬಿ ಬೇಲಿಯಾಚೆಯಿಂದ ಕೆಣಕುತ್ತಿದ್ದ: “ಕಳ್ಳರಿಗೆ ದಾರಿ ತೋರಿಸ್ತಿದ್ದೀಯೇನೆ?”

“ಕದಿಯೋಕೆ ನಿನ್ನ ಮನೇಲಿ ಏನಿದೆ ಅಜ್ಜ? ನಾಯಿನೂ ಬಿಟ್ಟುಹೋಯ್ತು.”

ಎರಡನೆಯ ಚಳಿಗಾಲದಲ್ಲಿ ದಂಬಿಗೆ ಎದೆ ನೋವು ಬಂದಾಗ ಆಂಬುಲೆನ್ಸು ಯಾರನ್ನೂ ಕೇಳದೆ ಸೀದಾ ಅವನ ಗೇಟಿಗೆ ಬಂದು ನಿಂತಿತು. ಅವನು ಬದುಕಿದ. ಬೆಂಕಿ ಆರಿಸುವವರೂ ಅದೇ ನಕ್ಷೆ ಬಳಸತೊಡಗಿದರು.

ಮರುವರ್ಷ ಅಕ್ಟೋಬರಿನಲ್ಲಿ ಪಗ್ಮಾ ಎಂಬವಳು ನಾಲ್ಕು ವರ್ಷದ ಮಗಳೊಂದಿಗೆ ಬಂದು ಎಲ್ಲರಿಗಿಂತ ಮೇಲೆ, ಗುಡ್ಡದ ನೆತ್ತಿಯಲ್ಲಿ ಗುಡಾರ ಹಾಕಿದಳು. ಗಂಡ ದಕ್ಷಿಣದ ಗಣಿಯಲ್ಲಿ ಲಾರಿ ಓಡಿಸುತ್ತಿದ್ದ. ನೋರ್ಜ್ಮಾಳ ಮಂಡಿ ಆಗ ಊದಿಕೊಂಡಿತ್ತು.

“ಮೇಲೆ ಬಂದು ಗುರುತು ಹಾಕ್ತೀನಿ, ಊತ ಸ್ವಲ್ಪ ಇಳೀಲಿ.”

“ನಿಧಾನಕ್ಕೆ ಬನ್ನಿ ಅಕ್ಕ. ನಾವೆಲ್ಲೂ ಓಡಿಹೋಗಲ್ಲ.”

ಜನವರಿಯ ಒಂದು ಬೆಳಿಗ್ಗೆ ಆ ಮಗು ವಾಂತಿ ಮಾಡಿಕೊಳ್ಳುತ್ತ, ಬರಿಗಾಲಲ್ಲಿ ಕೆಳಗಿನ ಮನೆಗೆ ಬಂತು. ಅಮ್ಮ ಏಳುತ್ತಿಲ್ಲ ಎಂದಿತು. ಒಲೆಯ ಕಲ್ಲಿದ್ದಲಿನ ವಿಷಗಾಳಿ. ಆ ಮನೆಯವರು ಕೂಡಲೇ ಫೋನು ಮಾಡಿದರು. ಆಂಬುಲೆನ್ಸು ಬೇಗನೇ ಗುಡ್ಡ ಹತ್ತಿತು, ಕೊನೆಯ ಕವಲಿನಲ್ಲಿ ತಪ್ಪಿ ಕಮರಿಯ ಕಡೆಗೆ ಹೋಯಿತು. ತಿರುಗಿಕೊಂಡು ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಪಗ್ಮಾ ತೀರಿಕೊಂಡಿದ್ದಳು.

ಗುಡ್ಡ ಇಳಿಯುವಾಗ ಆಂಬುಲೆನ್ಸಿನ ಚಾಲಕ ಕಟ್ಟೆಯ ಬಳಿ ಬಿಸಿನೀರು ಕೇಳಲು ನಿಂತ. ನಾನೂ ಸರತಿಯಲ್ಲಿದ್ದೆ.

“ನಕ್ಷೆ ಅಲ್ಲಿಗೆ ಮುಗೀತು ಅಕ್ಕ. ಎಡಕ್ಕೋ ಬಲಕ್ಕೋ ಗೊತ್ತಾಗ್ಲಿಲ್ಲ.”

ಅದನ್ನು ಬರೆದವಳು ಇವಳೇ ಎಂದು ಅವನಿಗೆ ತಿಳಿದಿರಲಿಲ್ಲ. ನೋರ್ಜ್ಮಾ ನೀರು ಕೊಟ್ಟಳು. ಬೇಗ ಬಂದಿದ್ದರೂ ಉಳಿಯುತ್ತಿರಲಿಲ್ಲವೇನೋ ಎಂದು ಸೊಲೊಂಗೊ ಆಮೇಲೆ ಹೇಳಿದಳು. ಆ ‘ಏನೋ’ ಒಂದೇ ನೋರ್ಜ್ಮಾಳ ಕಿವಿಯಲ್ಲಿ ಉಳಿಯಿತು.

ಗಂಡ ಬಂದು ಗುಡಾರ ಬಿಚ್ಚಿ, ಮಗಳನ್ನು ಕರೆದುಕೊಂಡು ಹೋದ. ಮರುದಿನ ನೋರ್ಜ್ಮಾ ಕೋಲೂರಿ ನೆತ್ತಿಗೆ ಹತ್ತಿದಳು. ನಾನೂ ಸೊಲೊಂಗೊಳೂ ಜೊತೆಗಿದ್ದೆವು. ಗುಡಾರವಿದ್ದ ಕಡೆ ಹಿಮವಿಲ್ಲದ ದುಂಡನೆಯ ಕಪ್ಪು ನೆಲ. ಅವಳು ಕವಲನ್ನೂ ಓಣಿಯನ್ನೂ ಗುರುತಿಸಿದಳು.

“ಓಣಿಗೆ ಪಗ್ಮಾ ಹೆಸರು ಇಡೋಣ,” ಎಂದಳು ಸೊಲೊಂಗೊ.

“ಬೇಡ. ಹಾಗೆ ಯಾರೂ ಕರೆಯಲ್ಲ. ಇರೋದನ್ನ ಮಾತ್ರ ಬರೀಬೇಕು ಅಂತ ನೀನೇ ಹೇಳಿಕೊಟ್ಟಿದ್ದು.”

ಈಗ ಸರತಿಯಲ್ಲಿ ಹೊಸ ಮುಖ ಕಂಡರೆ ಅವಳು ಕಿಟಕಿ ಮುಚ್ಚಿ, ಅವರ ಕೈಗಾಡಿಯ ಹಿಂದೆಯೇ ಕುಂಟುತ್ತ ಹೊರಡುತ್ತಾಳೆ. ನಾವು ಆ ಚಳಿಯಲ್ಲಿ ನಿಂತು ಕಾಯುತ್ತೇವೆ. ಯಾರೂ ಗೊಣಗುವುದಿಲ್ಲ.