ಬಂಪರಿನ ಕೆಳತುಟಿ

ಮೋಟಾರಿನ ಮುಂದಿನ ಬಂಪರಿಗೆ ಎರಡು ಮುಖಗಳಿವೆ ಎಂಬುದು ಮೋಟಾರು ಇಟ್ಟವರಿಗಷ್ಟೇ ತಿಳಿದ ಸಂಗತಿ. ಎದುರಿಗೆ ಬರುವವರು ಕಾಣುವುದು ದಿನವೂ ಉಜ್ಜಿಸಿಕೊಂಡು ಹೊಳೆಯುವ ಮುಖವನ್ನು. ಇನ್ನೊಂದು, ರಸ್ತೆಯ ಕಲ್ಲು ದಿಬ್ಬಗಳಿಗೆ ಮಾತ್ರ ಪರಿಚಯವಿರುವ ಕೆಳತುಟಿ. ಅದರ ದರ್ಶನವಾಗಬೇಕಾದರೆ ಧೋತರ ಎತ್ತಿ ಕಟ್ಟಿ, ಮಂಡಿಯೂರಿ, ನೆಲಕ್ಕೆ ಗಲ್ಲ ಹಚ್ಚಬೇಕು. ನಮ್ಮ ಕಾಕಾ ದೇವರ ಮುಂದೆ ಅಷ್ಟು ಬಾಗಿದ್ದನ್ನು ನಾನು ಕಂಡವನಲ್ಲ, ಬಂಪರಿನ ಮುಂದೆ ಬಾಗಿದ್ದನ್ನು ಮಾತ್ರ ನಿತ್ಯ ಕಂಡಿದ್ದೇನೆ.

ಆಗ ನಾವು ಮುಂಬಯಿ ರಾಜ್ಯದವರು. ಸಂಸ್ಥಾನ ವಿಲೀನವಾದ ಮೇಲೆ ಜಮಖಂಡಿ ಬಿಟ್ಟು ಹೊರಟ ಅಧಿಕಾರಿಯೊಬ್ಬರಿಂದ ಕಾಕಾ ಆ ಕಾರನ್ನು ಕೊಂಡಿದ್ದ. ಬನಹಟ್ಟಿಯ ನೇಕಾರರಿಗೆ ನೂಲು ಮಾರುವ ವ್ಯಾಪಾರಿಗೆ ಕಾರು ಬೇಕೇ ಬೇಕೆಂದೇನೂ ಇರಲಿಲ್ಲ, ಆದರೆ ಮನಸ್ಸಿಗೆ ಬಂದದ್ದಕ್ಕೆ ಕಾರಣ ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಸ್ಪ್ರಿಂಗುಗಳು ಸೋತು ಅದರ ಮೂತಿ ನೆಲದತ್ತ ಜೋತುಬಿದ್ದಿತ್ತು. ಚಕ್ಕಡಿಗಳು ಓಡಾಡಿ ಎರಡು ಬದಿ ತಗ್ಗಾಗಿ ನಡುವೆ ದಿಣ್ಣೆ ಎದ್ದ ನಮ್ಮ ಎರೆಮಣ್ಣಿನ ದಾರಿಗಳಲ್ಲಿ ಅದು ಹೆಜ್ಜೆಗೊಮ್ಮೆ ಕರ್ರೆನ್ನುತ್ತಿತ್ತು. ಕರ್ರೆಂದ ಕೂಡಲೆ ಕಾಕಾ ಇಳಿದು ಬಗ್ಗಿ ನೋಡಬೇಕು, ಒಂದು ನಿಟ್ಟುಸಿರು ಬಿಡಬೇಕು, ಆಮೇಲೆಯೇ ಮುಂದಿನ ಪಯಣ.

ಗೀರು ಬೀಳದಂತೆ ಮೊದಲು ತೆಂಗಿನ ಹಗ್ಗ ಸುತ್ತಿದ, ಅದು ಒಂದೇ ಮಳೆಗೆ ಸಡಿಲಾಗಿ ಗಾಲಿಗೆ ಸಿಕ್ಕಿತು. ಧಾರವಾಡದಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿ ನಿರುದ್ಯೋಗವನ್ನೇ ಶ್ರದ್ಧೆಯಿಂದ ಮಾಡುತ್ತಿದ್ದ ನಾನು ಡಬ್ಬಿಯ ತಗಡು ಬಡಿಸಲು ಸಲಹೆ ಕೊಟ್ಟೆ. ಮುಧೋಳದ ದಾರಿಯಲ್ಲಿ ಆ ತಗಡಿನ ನಾದಕ್ಕೆ ತೆಳುಸೊಂಟದ ಬೇಟೆನಾಯಿಗಳೆರಡು ಮೊಲವೆಂದು ಭಾವಿಸಿಯೋ ಏನೋ ನಮ್ಮ ಬೆನ್ನು ಹತ್ತಿ, ಸಲೀಸಾಗಿ ನಮ್ಮನ್ನು ಹಿಂದೆ ಹಾಕಿ ಹೋದವು. ಅಂದಿನಿಂದ ಕಾಕಾ ನನ್ನ ಪದವಿಯ ಪ್ರಸ್ತಾಪ ಬಿಟ್ಟ.

ನಗಬೇಡಿ, ನಗುವುದು ಇಲ್ಲಿಗೆ ಮುಗಿಯಿತು. ಕಾಕಾನ ಅಕ್ಕ, ಅಂದರೆ ನನ್ನ ಸೋದರತ್ತೆಯನ್ನು ಬೀಳಗಿಯ ಆಚೆಗಿನ ಒಂದು ಹಳ್ಳಿಗೆ ಕೊಟ್ಟಿತ್ತು. ನಾಗರ ಪಂಚಮಿಗೆ ತಮ್ಮ ಬಂದು ಅಕ್ಕನನ್ನು ತವರಿಗೆ ಕರೆದೊಯ್ಯಬೇಕು, ಹಬ್ಬ ಮುಗಿದ ಮೇಲೆ ಗಂಡನ ಮನೆಯ ಚಕ್ಕಡಿ ಬಂದು ಮರಳಿ ಒಯ್ಯಬೇಕು. ಇದು ನಮ್ಮ ಕಡೆಯ ರೂಢಿ. ತವರಿನ ಬಂಡಿ ಮನೆಯ ಬಾಗಿಲಿಗೆ ಬಂದು ನಿಲ್ಲುವುದೆಂದರೆ ಹೆಣ್ಣುಮಕ್ಕಳಿಗೆ ವರ್ಷವಿಡೀ ತಲೆ ಎತ್ತಿ ನಡೆಯಲು ಸಾಕಾಗುವಷ್ಟು ಮಾನ. ನಮ್ಮದಂತೂ ಕಾರು! ಆದರೆ ಆ ಹಳ್ಳಿಯ ಅಗಸಿಬಾಗಿಲಿನ, ಅಂದರೆ ಊರ ಹೆಬ್ಬಾಗಿಲಿನ ನಡುವೆ, ಹಿಂದೆ ಕದಗಳು ಕೂಡುತ್ತಿದ್ದ ಜಾಗದಲ್ಲಿ, ಒಂದು ಕಲ್ಲು ಮೇಲೆದ್ದಿತ್ತು. ಆ ಕಲ್ಲಿಗೆ ಹೆದರಿ ಕಾಕಾ ವರ್ಷವರ್ಷವೂ ಊರ ಹೊರಗಿನ ಬೇವಿನ ಮರದ ಕೆಳಗೇ ಕಾರು ನಿಲ್ಲಿಸಿ ಭೋಂಪು ಹೊಡೆಯುತ್ತಿದ್ದ. ಅತ್ತೆ ಗಂಟು ಹೊತ್ತು ಇಡೀ ಓಣಿ ನೋಡುವಂತೆ ನಡೆದು ಬರಬೇಕಾಗುತ್ತಿತ್ತು. ಅವಳ ನೆಗೆಣ್ಣಿ, ಮೈದುನನ ಹೆಂಡತಿ, ಕಟ್ಟೆಯ ಮೇಲಿಂದ ಕೇಳುತ್ತಿದ್ದಳಂತೆ: “ಯಾಕಕ್ಕಾ, ತವರಿನ ಮೋಟಾರಿಗಿ ನಮ್ಮ ಓಣಿ ಹೊಲಸೇನು?”

ಇದನ್ನು ಅತ್ತೆ ಒಮ್ಮೆ ನಕ್ಕೇ ಹೇಳಿದಳು. ಕಾಕಾ ನಗಲಿಲ್ಲ. ಆ ವರ್ಷ ಬಾವಿಯಿಂದ ನೀರೆತ್ತುವ ಕಪಲಿಯ ಹಳೆಯ ತೊಗಲು ತಂದು, ಎರಡು ಪದರು ಹೊಲಿಸಿ, ನಡುವೆ ಬನಹಟ್ಟಿಯ ಮಗ್ಗಗಳ ಕಸನೂಲು ತುಂಬಿಸಿ ಬಂಪರಿನ ಕೆಳಗೆ ಬಿಗಿದ. ಜಮಖಂಡಿಯ ಪೇಟೆಯಲ್ಲಿ ಯಾರೋ, “ಮೋಟಾರು ಯಾರ ಹೊಲಾ ಮೇಯತೈತಂತ ಎತ್ತಿನ ಗತೆ ಬಾಯಿಗಿ ಕುಕ್ಕಿ ಕಟ್ಟೀರಿ, ಸಾವಕಾರ್ರ?” ಎಂದರು.

ಪಂಚಮಿಯ ಮುನ್ನಾದಿನ ಕಾರು ಬೇವಿನ ಮರದ ಹತ್ತಿರ ನಿಲ್ಲದೆ ಮುಂದೆ ಹೋಯಿತು. ಅಗಸಿಯ ಕಲ್ಲು ತೊಗಲನ್ನು ಮೆತ್ತಗೆ ಒತ್ತಿ ಬಿಟ್ಟುಕೊಟ್ಟಿತು, ಒಂದು ಗೀರೂ ಇಲ್ಲ. ಓಣಿಗೆ ಓಣಿಯೇ ಹೊರಗೆ ಬಂತು. ಕಾಕಾ ಅಕ್ಕನ ಕಟ್ಟೆಗೆ ಹಚ್ಚಿ ಕಾರು ನಿಲ್ಲಿಸಿ ಎದೆ ತುಂಬಿ ಭೋಂಪು ಹೊಡೆದ. ಒಳಗಿನಿಂದ ನೆಗೆಣ್ಣಿ ಬಂದಳು. “ಅಕ್ಕ ಆಗಳೇ ಹ್ವಾದಳಲ್ರೀ. ಮೋಟಾರಿನ ಸಪ್ಪಳ ಕೇಳಿದ ಕೂಡಲೆ ಹಿತ್ತಲ ಹಾದಿ ಹಿಡದು ಹೊಂಟಳು.”

ಓಣಿಯ ಕಣ್ಣು ತಪ್ಪಿಸಲು ಅತ್ತೆ ಆ ವರ್ಷ ಬಣವೆಗಳ ಹಿಂದಿನಿಂದ ಸುತ್ತಿ ಹೋಗಿದ್ದಳು. ನಾವು ತಿರುಗಿ ಬಂದಾಗ ಬೇವಿನ ಕೆಳಗೆ ಗಂಟಿನ ಜೊತೆ ನಿಂತಿದ್ದಳು.

“ಹತ್ತಕ್ಕಾ, ಹೊಳ್ಳಿ ಮನೀ ಮುಂದ ಒಯ್ದು ನಿಂದರಸ್ತೇನಿ,” ಎಂದ ಕಾಕಾ.

“ಬ್ಯಾಡೋ ತಮ್ಮಾ. ತವರಿಗಿ ಅಂತ ಹೊಸ್ತಲಾ ದಾಟೇನಿ, ಹೊಳ್ಳಿ ಹೋಗಬಾರದು.”

ಕಾರು ಬೀಳಗಿ ದಾಟುವವರೆಗೂ ಅವಳು ಕೇಳುತ್ತಲೇ ಇದ್ದಳು. ಖರೇನ ಮನೆ ಮುಂದೆ ನಿಂತಿತ್ತೇ, ಯಾರು ಯಾರು ನೋಡಿದರು, ನೆಗೆಣ್ಣಿ ಏನಂದಳು. ಕಾಕಾ ಒಂದನ್ನೂ ಬಿಡದೆ ಹೇಳಿದ. ಕೇಳಿ ಕೇಳಿ ಕೊನೆಗೆ ಅವಳೆಂದಳು: “ಬರೂ ವರ್ಷ ನಾ ಪಡಸಾಲ್ಯಾಗ ಸುಮ್ಮ ಕುಂತಿರ್ತೇನಿ. ನೀ ಭೋಂಪು ಹೊಡಿ. ಎಲ್ಲಾರೂ ನೋಡಿದ ಮ್ಯಾಲೆ ಸಾವಕಾಶ ಬರ್ತೇನಿ.”

ಮುಂದಿನ ಪಂಚಮಿ ಬರುವ ಮೊದಲೇ, ಬೇಸಿಗೆಯಲ್ಲಿ, ಜ್ವರ ಬಂದು ಅತ್ತೆ ತೀರಿಕೊಂಡಳು. ಒಂದು ಗೀರು ಬಿದ್ದರೆ ಬೀಳಲಿ ಎಂದು ಮೊದಲ ಪಂಚಮಿಗೇ ಆ ಕಲ್ಲನ್ನು ದಾಟಿಬಿಡಬೇಕಿತ್ತು ಎಂದು ನನಗೆ ಇಂದಿಗೂ ಅನಿಸುತ್ತದೆ. ಕಾಕಾ ತೊಗಲನ್ನು ಬಿಚ್ಚಿಸಿ ಹಾಕಿದ. ಅದಾದ ಮೇಲೆ ಒಂದು ಸಲ ಹುನ್ನೂರಿನ ದಾರಿಯಲ್ಲಿ ಕಾರು ಜೋರಾಗಿ ಕರ್ರೆಂದಿತು. ಇಳಿದು ನೋಡಲೇ ಎಂದು ನಾನು ಬಾಗಿಲಿಗೆ ಕೈ ಹಾಕಿದೆ.

“ಅಲ್ಲೇನ ನೋಡೂದೈತಿ,” ಎಂದ ಕಾಕಾ, “ಸುಮ್ಮ ಕುಂದರು.”