ನಾಗಪ್ಪನಿಗೆ ಸಿಕ್ಕ ಸೀಟು

ಎಪ್ಪತ್ತರ ದಶಕದಲ್ಲಿ ನಾನು ಬೆಂಗಳೂರಿನ ಅಂಗಡಿಯೊಂದಕ್ಕೆ ಹೆಂಗಸರ ಕೈಚೀಲ ಡಿಸೈನ್ ಮಾಡುತ್ತಿದ್ದೆ. ಒಮ್ಮೆ ಚಿತ್ರದುರ್ಗದಲ್ಲಿ ನಾಗರಕಲ್ಲೊಂದನ್ನು ನೋಡಿ, ಹೆಣೆದುಕೊಂಡ ಆ ಎರಡು ಹಾವುಗಳನ್ನೇ ಕಪ್ಪು ಚೀಲದ ಮೇಲೆ ಬಿಳಿ ದಾರದಲ್ಲಿ ಅಲ್ಲೇ ಕಸೂತಿ ಹಾಕಿಸಿದೆ. ಅದನ್ನು ಹಿಡಿದು, ಚಿಕ್ಕಜಾಜೂರಿನಲ್ಲಿ ಬೆಂಗಳೂರಿನ ರೈಲು ಹತ್ತೋಣವೆಂದು ತುಂಬಿದ ಬಸ್ಸಿಗೆ ನುಗ್ಗಿದೆ. ನಿಂತು ನಿಂತು ಕೈ ಸೋತಾಗ ಚೀಲವನ್ನು ಕಾಲ ಬಳಿ ಇಟ್ಟೆ.

"ಏನವ್ವಾ, ನಾಗಪ್ಪನ್ನ ಕಾಲತ್ರ ಇಟ್ಟೀಯಲ್ಲ!" ಪಕ್ಕದ ಸೀಟಿನ ಅಜ್ಜಿ ಕೂಗಿದಳು. ಬಸ್ಸಿಗೆ ಬಸ್ಸೇ ನನ್ನತ್ತ ತಿರುಗಿತು. ತಟ್ಟನೆ ಎತ್ತಿಕೊಂಡೆ.

"ಚರ್ಮದ್ದೇನು?"

ಮೊದಲು ಚರ್ಮದಲ್ಲೇ ಮಾಡಿಸಬೇಕೆಂದಿದ್ದೆ. ಒಳ್ಳೆಯದು ಸಿಗದೆ ಕಂಬಳಿ ಬಟ್ಟೆಯಲ್ಲಿ ಹೊಲಿಸಿದ್ದೆ. "ಅಲ್ಲಜ್ಜಿ, ಕಂಬಳಿ" ಎಂದು ಚೀಲವನ್ನು ಅವಳ ಮುಂದೆ ಹಿಡಿದೆ.

ಅಜ್ಜಿ ಮುಟ್ಟಿ ನೋಡಿದಳು. "ಹಂಗಾದ್ರೆ ಮೈಲಿಗೆ ಇಲ್ಲ ಬಿಡು. ನಮ್ ದೇವ್ರೂ ಕಂಬಳಿ ಮ್ಯಾಲೇ ಕುಂತ್ಕಳದು."

ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅಜ್ಜಿ ಪಕ್ಕದಲ್ಲಿದ್ದ ಗಂಡನನ್ನು ತಿವಿದಳು. "ಏಳ್ರಿ, ಜಾಗ ಬಿಡ್ರಿ." ತಾತ ಎದ್ದ. ನಾನು ಖುಷಿಯಿಂದ ಕೂರಲು ಬಗ್ಗಿದೆ. ಅಜ್ಜಿ ನನ್ನ ಕೈಯಿಂದ ಚೀಲ ತೆಗೆದುಕೊಂಡು, ಆ ಜಾಗದಲ್ಲಿ ಕೂರಿಸಿ, ಕೈ ಮುಗಿದಳು.

ಹೊಳಲ್ಕೆರೆ ದಾಟುವವರೆಗೂ ನಾನೂ ತಾತನೂ ಒಂದೇ ಕಂಬಿ ಹಿಡಿದು ನಿಂತಿದ್ದೆವು. ಟಿಕೆಟ್ ತೆಗೆದುಕೊಂಡಿದ್ದವರು ನಾವು. ನಾಗಪ್ಪನನ್ನು ಕಂಡಕ್ಟರ್ ಕೂಡ ಕೇಳಲಿಲ್ಲ.